ನೆರಳಿಗೂ ದರ್ಜೆ ಇದ್ದ ಊರು

ಹವಾಮಾನಕ್ಕೆ ಒಗ್ಗುವ ಮನೆ ಉಳ್ಳವರ ಶೋಕಿ ಎಂಬ ಮಾತಿದೆ. ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫನ್ನು ನೋಡಿದವರಿಗೆ ಅದು ನಿಜವೆನಿಸಿದರೆ ಆಶ್ಚರ್ಯವಿಲ್ಲ. 1880ರಲ್ಲಿ ಇಲ್ಲಿ ಗಣಿಗಾರಿಕೆಗೆ ಇಳಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕಾಲದಲ್ಲಿ ಅಧಿಕಾರಿಗಳಿಗೆ ದಪ್ಪ ಗೋಡೆ, ಎತ್ತರದ ಸೂರು, ಅಗಲ ವರಾಂಡದ ಬಂಗಲೆಗಳು ಎದ್ದವು. ಕಾರ್ಮಿಕರ ಪಾಲಿಗೆ ಬಂದದ್ದು ಬಿದಿರುತಟ್ಟಿ, ಮಣ್ಣು, ತಗಡಿನ ಒಂದೇ ಕೋಣೆಯ ‘ಲೈನು’. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್ಸ್ ಗಣಿಗೆ ತಂಪು ಗಾಳಿ ಇಳಿಸಲು ಯಂತ್ರಸ್ಥಾವರವೇ ಇತ್ತು. ಗಾಳಿಯ ವಿದ್ಯೆ ಊರಿಗೆ ಗೊತ್ತಿತ್ತು. ಅದು ಲೈನಿನ ಬಾಗಿಲಿಗೆ ಬರಲಿಲ್ಲ, ಅಷ್ಟೆ.

ಆ ವಿದ್ಯೆಗೆ ಬಂಗಲೆಯೇ ಬೇಕೆಂದಿಲ್ಲ. ಕೆಜಿಎಫ್, ಬಂಗಾರಪೇಟೆಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಆಗ ಒಂದಂತಸ್ತಿನ ಮನೆಯಲ್ಲಿ ಹೆಚ್ಚು ಕಾಯುವುದು ಸೂರು. ಬೆಳಗ್ಗೆ ಸಂಜೆ ಪೂರ್ವ, ಪಶ್ಚಿಮದ ಗೋಡೆಗಳು. ಎತ್ತರದ ಬಯಲುಸೀಮೆಯಾದ್ದರಿಂದ ರಾತ್ರಿ ತಣ್ಣಗಾಗುತ್ತದೆ. ತಗಡು ಹೊತ್ತೇರುತ್ತಲೇ ಕಾದು ಒಳಗಿನವರನ್ನು ಬೇಯಿಸುತ್ತದೆ. ಈ ಸೀಮೆಯ ಹಳೆಯ ಕಲ್ಲುಚಪ್ಪಡಿ ಸೂರು ನಿಧಾನವಾಗಿ ಕಾಯುತ್ತದೆ, ಆದರೆ ಹೀರಿದ ಬಿಸಿಯನ್ನು ರಾತ್ರಿ ಒಳಕ್ಕೂ ಬಿಡುತ್ತದೆ. ಹಾಗಾಗಿ ಬಿಸಿಗಾಳಿ ಮೇಲಿಂದ ಹೊರಹೋಗಲು ಗವಾಕ್ಷಿ, ಎದುರುಬದುರು ಕಿಟಕಿ ಇರಲೇಬೇಕು.

ಮೂವತ್ತು ನಲವತ್ತರ ಸೈಟಿನಲ್ಲಿ ವರಾಂಡಕ್ಕೆ ಜಾಗವೆಲ್ಲಿ, ದುಡ್ಡೆಲ್ಲಿ ಎಂದು ಕೇಳಬಹುದು. ಪಶ್ಚಿಮದ ಕಿಟಕಿಗೆ ಅಗಲ ಸಜ್ಜೆ, ಮೆಟ್ಟಿಲ ಬಳಿ ಜಾಲಿ, ತಾರಸಿಗೆ ಬಿಳಿ ಸುಣ್ಣ: ಇವಕ್ಕೆ ಜಾಗವೂ ಬೇಡ, ದೊಡ್ಡ ಖರ್ಚೂ ಇಲ್ಲ. ತಾರಸಿಯ ಕೆಳಪದರದಲ್ಲಿ ಹೆಂಚು ಕೂರಿಸಿ ಹಾಕುವ ‘ಫಿಲ್ಲರ್ ಸ್ಲ್ಯಾಬ್’ ಕಾಂಕ್ರೀಟನ್ನೂ ಉಳಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ, ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದು ದಶಕಗಳೇ ಆದವು.

ಕೆಜಿಎಫ್‌ನದೇ ಆದ ಇನ್ನೊಂದು ಆಕ್ಷೇಪ ಗಟ್ಟಿಯಾಗಿದೆ: ಗಾಳಿಗೆಂದು ಕಿಟಕಿ ತೆರೆದರೆ ಚಿನ್ನ ತೆಗೆದು ಉಳಿದ ಅದಿರುಪುಡಿ ಸುರಿದ ‘ಸೈನೈಡ್ ದಿಬ್ಬ’ದ ಧೂಳು ಒಳಗೆ ಬರುತ್ತದೆ. ದಿಬ್ಬದ ಕಡೆಗೆ ಕಿಟಕಿ ಇಡದೆ, ಮುಚ್ಚಲು ಬರುವ ಗವಾಕ್ಷಿ ಇಟ್ಟರೆ ಕಾಟ ಸ್ವಲ್ಪ ತಗ್ಗೀತು. ದಿಬ್ಬದ ಮೇಲೆ ಹಸಿರು ಹಬ್ಬಿಸಿ ಧೂಳು ಕಟ್ಟುವುದು ಮಾತ್ರ ಮನೆಯವರ ಕೈಲಾಗದು. ಅದು ಸರ್ಕಾರದ ಹೊಣೆ. ಗಣಿ 2001ರಲ್ಲಿ ಮುಚ್ಚಿದರೂ ಲೈನುಗಳಲ್ಲಿ ಜನ ಬದುಕುತ್ತಿದ್ದಾರೆ. ವಸತಿ ಯೋಜನೆಯ ನಕ್ಷೆಗೆ ಒಪ್ಪಿಗೆ ಕೊಡುವವರು ಚದರಡಿ ಎಷ್ಟೆಂದು ಕೇಳುವಾಗಲೇ ಸೂರು ಯಾವುದರದ್ದು, ಪಶ್ಚಿಮಕ್ಕೆ ನೆರಳೇನು, ಗಾಳಿಗೆ ದಾರಿ ಎಲ್ಲಿ ಎಂದೂ ಕೇಳಬೇಕು.