ಸಹಪಾಠಿಗಳ ಕಾಟ

1958ನೆಯ ಇಸವಿಯ ಮಾರ್ಚ್ ತಿಂಗಳ ಒಂದು ವಾರದಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜನಿಸಿದ ಶಿಶುಗಳನ್ನೆಲ್ಲ ಪಟ್ಟಿಮಾಡುವ ಕಾರ್ಯವೊಂದು ನಡೆಯಿತು. ಅವುಗಳ ಸಂಖ್ಯೆ 17,000ಕ್ಕೂ ಮಿಕ್ಕಿತ್ತು. ಹುಟ್ಟುವಾಗಲೇ ಕೆಲವು ಶಿಶುಗಳು ಮಡಿಯುವುದೇಕೆ ಎಂಬುದನ್ನು ಅರಿಯುವುದಷ್ಟೇ ಆಗಿನ ಉದ್ದೇಶ. ಆದರೆ ಇಂತಹ ಪಟ್ಟಿ ಕೈಗೆ ಸಿಕ್ಕಿದ ಮೇಲೆ ಅದನ್ನು ಮೂಲೆಗೆಸೆಯಲು ಯಾವ ವಿಜ್ಞಾನಿಗೆ ಮನಸ್ಸು ಬಂದೀತು? ಆ ಶಿಶುಗಳು ಬೆಳೆದು ದೊಡ್ಡವರಾದಂತೆಲ್ಲ ಸಂಶೋಧಕರು ಅವರನ್ನು ಹಿಂಬಾಲಿಸುತ್ತಲೇ ಬಂದರು. ಮಕ್ಕಳಿಗೆ ಏಳು ವರ್ಷವಾದಾಗ ಒಮ್ಮೆ, ಹನ್ನೊಂದು ವರ್ಷವಾದಾಗ ಮತ್ತೊಮ್ಮೆ ತಾಯಿತಂದೆಯರಿಗೆ ಹಾಕಿದ ಅನೇಕ ಪ್ರಶ್ನೆಗಳ ನಡುವೆ ಒಂದು ಚಿಕ್ಕ ಪ್ರಶ್ನೆಯೂ ಇದ್ದಿತು: ಈ ಮಗುವಿಗೆ ಬೇರೆ ಮಕ್ಕಳು ಕಾಟ ಕೊಡುವುದುಂಟೇ?

ಮಕ್ಕಳು ಮಕ್ಕಳು ಕಚ್ಚಾಡುತ್ತಾರೆ, ಸಂಜೆಯ ಹೊತ್ತಿಗೆ ಒಂದಾಗುತ್ತಾರೆ ಎಂಬುದು ಹಿರಿಯರ ಮಾತು. ಜಗಳದ ಮಟ್ಟಿಗೆ ಆ ಮಾತು ನಿಜವೇ. ಆದರೆ ಜಗಳ ಬೇರೆ, ಕಾಟ ಬೇರೆ. ಈ ಭೇದವನ್ನು 1970ರ ದಶಕದಿಂದ ಶಾಸ್ತ್ರೀಯವಾಗಿ ನಿರೂಪಿಸುತ್ತ ಬಂದವರು ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯ ಬರ್ಗೆನ್ ನಗರದಲ್ಲಿ ಕೆಲಸಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯುಸ್. ನೋಯಿಸಬೇಕೆಂಬ ಉದ್ದೇಶವಿರಬೇಕು, ಅದು ಮತ್ತೆ ಮತ್ತೆ ನಡೆಯಬೇಕು, ಎರಡು ಪಕ್ಷಗಳ ಬಲದಲ್ಲಿ ಅಂತರವಿರಬೇಕು. ಆಗ ಅದು ಕಾಟ. ಸಮಬಲರಾದ ಇಬ್ಬರು ಹುಡುಗರು ಹೊಡೆದಾಡಿ ಮೂಗು ಒಡೆದುಕೊಂಡರೂ ಅದು ಕಾಟವಲ್ಲ. ತರಗತಿಯವರೆಲ್ಲ ಒಟ್ಟುಗೂಡಿ ಒಬ್ಬ ಹುಡುಗಿಯನ್ನು ತಿಂಗಳುಗಟ್ಟಲೆ ಮಾತನಾಡಿಸದಿದ್ದರೆ, ಅವಳ ಮೈಮೇಲೆ ಒಂದು ಗೀರೂ ಬೀಳದಿದ್ದರೂ, ಅದು ಕಾಟವೇ. 1982ರ ಕೊನೆಯಲ್ಲಿ ನಾರ್ವೆಯ ಉತ್ತರ ಭಾಗದಲ್ಲಿ ಮೂವರು ಬಾಲಕರು ತಾವಾಗಿ ಪ್ರಾಣ ನೀಗಿದರು. ಸಹಪಾಠಿಗಳ ಕ್ರೂರವಾದ ಕಾಟವೇ ಅದಕ್ಕೆ ಕಾರಣವಿರಬೇಕೆಂದು ಕಂಡುಬಂದಿತು. ಮರುವರ್ಷವೇ ಅಲ್ಲಿನ ಸರ್ಕಾರ ದೇಶದ ಶಾಲೆಗಳಲ್ಲೆಲ್ಲ ಇದರ ವಿರುದ್ಧ ಚಳವಳಿ ಹೂಡಿತು.

ಕಾಟಕ್ಕೆ ಸಿಕ್ಕಿದ ಮಗುವಿನ ಮನಸ್ಸಿನಲ್ಲಿ ನಡೆಯುವುದೇನು? ಪೆಟ್ಟು ಬೀಳುವುದು ನಾಲ್ಕು ನಿಮಿಷ; ಅದರ ನಿರೀಕ್ಷೆ ಇಡೀ ದಿನದ್ದು. ಬೆಳಿಗ್ಗೆ ಎದ್ದೊಡನೆ ಹೊಟ್ಟೆನೋವು, ತಲೆನೋವು, ರಾತ್ರಿ ನಿದ್ರೆಯಿಲ್ಲ. ಇವುಗಳನ್ನು ಶಾಲೆಗೆ ಹೋಗದಿರಲು ಹೂಡುವ ನೆಪವೆಂದು ಮನೆಯವರು ಗದರಿಸುವುದುಂಟು. ನೋವು ಮಾತ್ರ ನಿಜವಾದದ್ದೇ. ಇದಕ್ಕಿಂತಲೂ ಆಳವಾದ ಹಾನಿ ಇನ್ನೊಂದಿದೆ. ‘ಇಷ್ಟು ಜನರಿರುವಾಗ ನನ್ನನ್ನೇ ಏಕೆ?’ ಎಂಬ ಪ್ರಶ್ನೆಗೆ ಮಗು ಉತ್ತರ ಹುಡುಕುತ್ತದೆ. ಅನೇಕ ವೇಳೆ ಅದಕ್ಕೆ ದೊರೆಯುವ ಉತ್ತರ, ತನ್ನಲ್ಲಿಯೇ ಏನೋ ದೋಷವಿದೆ ಎಂಬುದು. ದೋಷ ತನ್ನದೇ ಎಂದ ಮೇಲೆ ಗುರುಗಳಿಗೆ ದೂರು ಹೇಳುವುದೆಂತು? ಹಾಗಾಗಿ ಅದು ಬಾಯಿ ಬಿಡುವುದಿಲ್ಲ.

ಇನ್ನು ಆ ಮಾರ್ಚ್ ತಿಂಗಳ ಮಕ್ಕಳ ವಿಷಯ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ತಾಕಿಜಾವ, ಮಾನ್, ಆರ್ಸೆನೊ ಎಂಬ ಮೂವರು ಸಂಶೋಧಕರು ಅವರಲ್ಲಿ 7,771 ಮಂದಿಯ ಕಡತಗಳನ್ನು ಪರಿಶೀಲಿಸಿ, ತಮ್ಮ ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. ಬಾಲ್ಯದಲ್ಲಿ ಶೇಕಡ 28 ಮಂದಿ ಆಗೊಮ್ಮೆ ಈಗೊಮ್ಮೆ, ಶೇಕಡ 15 ಮಂದಿ ಪದೇ ಪದೇ ಕಾಟ ಅನುಭವಿಸಿದ್ದರು. ಪದೇ ಪದೇ ಅನುಭವಿಸಿದವರಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ, ಖಿನ್ನತೆಯ ಸಂಭವ ಇತರರಿಗಿಂತ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಆತಂಕದ ರೋಗಗಳೂ ಆತ್ಮಹತ್ಯೆಯ ಯೋಚನೆಗಳೂ ಹೆಚ್ಚಾಗಿದ್ದವು. ಐವತ್ತನೆಯ ವಯಸ್ಸಿನಲ್ಲಿ ಅವರಿಗೆ ಸ್ನೇಹಿತರು ಕಡಿಮೆ, ಹಣದ ಅಡಚಣೆ ಹೆಚ್ಚು. ರಕ್ತವನ್ನು ಪರೀಕ್ಷಿಸಿದಾಗ ದೇಹದಲ್ಲಿನ ಉರಿಯೂತದ ಚಿಹ್ನೆಗಳೂ ಏರಿದ್ದುದು ಕಂಡಿತು. ಬಾಲ್ಯದ ಆ ಕಾಟ ನಡೆದು ಹೆಚ್ಚುಕಡಿಮೆ ನಲವತ್ತು ವರ್ಷ ಕಳೆದ ಮೇಲಿನ ಮಾತಿದು. ಕಾಟ ಅನುಭವಿಸಿದವರೆಲ್ಲರಿಗೂ ಹೀಗಾಯಿತೆಂದು ಯಾರೂ ತಿಳಿಯಬಾರದು. ಬಹಳ ಮಂದಿ ಚೆನ್ನಾಗಿಯೇ ಬಾಳಿದ್ದಾರೆ. ಹೆಚ್ಚಿದ್ದು ಅಪಾಯದ ಪ್ರಮಾಣ.

ವಿಚಾರಶೀಲ ಓದುಗರು ಇಲ್ಲಿ ಆಕ್ಷೇಪಿಸಬಹುದು: ಹುಟ್ಟಿನಿಂದಲೇ ಅಂಜುಬುರುಕರಾದ, ಬಡತನದಲ್ಲಿ ಬೆಳೆದ ಮಕ್ಕಳೇ ಕಾಟಕ್ಕೆ ಸುಲಭವಾಗಿ ಸಿಕ್ಕುತ್ತಾರಲ್ಲವೇ? ಮುಂದಿನ ದುಃಖಕ್ಕೆ ಆ ಸ್ವಭಾವವೋ ಬಡತನವೋ ಕಾರಣವೇ ಹೊರತು ಕಾಟವಲ್ಲವೇನೋ? ಆಕ್ಷೇಪ ನ್ಯಾಯವಾದದ್ದು. ಮನೆಯ ಸ್ಥಿತಿಗತಿ, ಮಗುವಿನ ಬುದ್ಧಿಶಕ್ತಿ, ಮೊದಲೇ ಇದ್ದ ಮನಸ್ಸಿನ ತೊಂದರೆ ಇವುಗಳನ್ನೆಲ್ಲ ಲೆಕ್ಕದಿಂದ ಕಳೆದ ಬಳಿಕವೂ ವ್ಯತ್ಯಾಸ ಉಳಿಯಿತೆಂದು ಆ ಸಂಶೋಧಕರು ತೋರಿಸಿದರು. ಆದರೂ ಹೆಚ್ಚು ಒಪ್ಪಿಗೆಯಾಗುವ ಉತ್ತರ ದೊರೆತದ್ದು ಅವಳಿ ಮಕ್ಕಳಿಂದ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಆನುವಂಶಿಕ ಗುಣಗಳು ಒಂದೇ. ಬೆಳೆಯುವ ಮನೆಯೂ ಒಂದೇ. ಒಬ್ಬನಿಗೆ ಮಾತ್ರ ಕಾಟ ಬಿದ್ದಿದ್ದರೆ, ಇಬ್ಬರಲ್ಲಿ ಕಾಣುವ ಅಂತರವನ್ನು ಸ್ವಭಾವದ ತಲೆಗೆ ಕಟ್ಟುವಂತಿಲ್ಲ. ಬ್ರಿಟನ್ನಿನಲ್ಲಿ ಹನ್ನೆರಡು ವರ್ಷದ ಇಂತಹ 30 ಜೋಡಿಗಳನ್ನು ಆರಿಸಿ, ಮನಸ್ಸಿಗೆ ಒತ್ತಡ ಬೀಳುವ ಪರೀಕ್ಷೆಯೊಂದಕ್ಕೆ ಗುರಿಮಾಡಿ, ಅವರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆದರು. ಇದು ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಗ್ರಂಥಿಗಳು ಸ್ರವಿಸುವ ರಸ. ಸಂಕಟ ಒದಗಿದಾಗ ಏರಿ ದೇಹವನ್ನು ಸಜ್ಜುಗೊಳಿಸುತ್ತದೆ. ಕಾಟ ಕಾಣದ ಅವಳಿಯಲ್ಲಿ ಅದು ನಿರೀಕ್ಷಿಸಿದಂತೆ ಏರಿತು. ಕಾಟ ಉಂಡ ಅವಳಿಯಲ್ಲಿ ಏರಲಿಲ್ಲ. ಅಪಾಯದ ಗಂಟೆಯನ್ನು ದಿನವೂ ಬಾರಿಸಿ ಬಾರಿಸಿ ಅದು ಮಂದವಾಗಿಬಿಟ್ಟಂತೆ. 2011ರಲ್ಲಿ ಪ್ರಕಟವಾದ ಈ ಪ್ರಯೋಗ ಚಿಕ್ಕದಾದರೂ, ನನ್ನ ಎಣಿಕೆಯಲ್ಲಿ ಈ ವಿಷಯದ ಅತ್ಯಂತ ಮಾರ್ಮಿಕವಾದ ಸಾಕ್ಷ್ಯ.

ಅದೇ ಅವಳಿಗಳ ಬಳಗದ ಮತ್ತೊಂದು ಅಧ್ಯಯನ ಸಮಾಧಾನಕರವಾದ ಸಂಗತಿಯೊಂದನ್ನು ಹೊರಗೆಡಹಿತು. ತಾಯಿಯ ಅಕ್ಕರೆ, ಒಡಹುಟ್ಟಿದವರ ಪ್ರೀತಿ, ಮನೆಯ ನೆಮ್ಮದಿ ಇವು ದೊರೆತ ಮಕ್ಕಳು ಕಾಟದ ನಡುವೆಯೂ ಕಡಿಮೆ ಕುಗ್ಗಿದ್ದರು.

ನಾನು ಓದಿದ ಶಾಲೆಯಲ್ಲಿ ಮಾತು ತೊದಲುವ ಹುಡುಗನೊಬ್ಬನಿದ್ದ. ಅವನನ್ನು ಅಣಕಿಸುತ್ತಿದ್ದವರು ಇಬ್ಬರೋ ಮೂವರೋ, ನಗುತ್ತಿದ್ದವರು ನಾವೆಲ್ಲರೂ. ಫಿನ್ಲೆಂಡಿನ ತುರ್ಕು ನಗರದ ಕ್ರಿಸ್ಟೀನಾ ಸಾಲ್ಮಿವಾಲಿಯವರು 1990ರ ದಶಕದಿಂದ ಲಕ್ಷ್ಯವಿಟ್ಟು ನೋಡಿದ್ದು ಈ ನಗುವವರನ್ನೇ. ಕಾಟಕೊಡುವವನಿಗೆ ಬೇಕಾದುದು ಪ್ರೇಕ್ಷಕರ ಮೆಚ್ಚುಗೆ. ಅದು ಸಿಕ್ಕುವ ತರಗತಿಗಳಲ್ಲಿ ಕಾಟ ಹೆಚ್ಚು, ಪ್ರೇಕ್ಷಕರು ಪೀಡಿತನ ಪಕ್ಷ ವಹಿಸುವಲ್ಲಿ ಕಡಿಮೆ ಎಂದು ಅವರ ಬಳಗ ಕಂಡುಕೊಂಡಿತು. ಅವರ ಮಾರ್ಗದರ್ಶನದಲ್ಲಿ ರೂಪುಗೊಂಡ ‘ಕಿವಾ’ ಎಂಬ ಕಾರ್ಯಕ್ರಮವನ್ನು 2009ರಿಂದ ಆ ದೇಶದ ಶಾಲೆಗಳಿಗೆಲ್ಲ ವಿಸ್ತರಿಸಲಾಯಿತು. ಒಬ್ಬಿಬ್ಬರು ಸಹಪಾಠಿಗಳಾದರೂ ಬೆಂಬಲಕ್ಕೆ ನಿಂತ ಮಕ್ಕಳಲ್ಲಿ, ಯಾರೂ ನಿಲ್ಲದವರಿಗಿಂತ ಖಿನ್ನತೆ ಕಡಿಮೆ, ಆತ್ಮಗೌರವ ಹೆಚ್ಚು ಇದ್ದುದನ್ನೂ ಅಲ್ಲಿ ಅಳೆದು ನೋಡಿದ್ದಾರೆ.