ಕ್ರಿಮಿನಾಶಕ ಔಷಧಗಳೂ ಮೈಚರ್ಮವೂ: ಸಿಂಪರಣೆ ಮಾಡಿಸುವ ಜಮೀನುದಾರರ ತಿಳಿವಳಿಕೆಗಾಗಿ

ಯಲಹಂಕದಿಂದ ಬಡಗಲಾಗಿ ರಾಜಾನುಕುಂಟೆ, ಚಿಕ್ಕಜಾಲ, ದೇವನಹಳ್ಳಿಗಳ ಕಡೆಗೆ ಹೋದರೆ ಕಲ್ಲುಕಂಬಗಳ ಮೇಲೆ ತಂತಿ ಹೆಣೆದು ಕಟ್ಟಿದ ದ್ರಾಕ್ಷಿಯ ಚಪ್ಪರಗಳು ಇಂದಿಗೂ ಅಲ್ಲಲ್ಲಿ ಕಾಣಬರುತ್ತವೆ. ಹೆಬ್ಬಾಳ, ಯಶವಂತಪುರಗಳ ಸುತ್ತಲಿನ ಹೊಲಗಳು ಬಹುಮಟ್ಟಿಗೆ ಮನೆಗಳಾಗಿ ಹೋದವು. ಉಳಿದ ಜಮೀನಿನಲ್ಲಿ ಹೆಚ್ಚು ಹಣ ತರುವ ಬೆಳೆಯನ್ನೇ ರೈತರು ಇಟ್ಟುಕೊಂಡಿದ್ದಾರೆ. ಬೆಂಗಳೂರು ನೀಲಿ ಎಂಬ ಈ ಸೀಮೆಯ ದ್ರಾಕ್ಷಿಯು ವರ್ಷಕ್ಕೆ ಎರಡು ಫಸಲು ಕೊಡತಕ್ಕದ್ದು. ಬೂಜುರೋಗ, ತುಕ್ಕುರೋಗ, ಹಿಟ್ಟುತಿಗಣೆಗಳ ಕಾಟವೂ ಅದಕ್ಕೆ ತಪ್ಪಿದ್ದಲ್ಲ. ಆದಕಾರಣ ಒಂದೊಂದು ಫಸಲಿಗೂ ಹಲವು ಬಾರಿ ಔಷಧವನ್ನು ಸಿಂಪಡಿಸಬೇಕಾಗುತ್ತದೆ.

ರಾಗಿ ಅವರೆಗಳಿಗೆ ಔಷಧ ಹೊಡೆಯುವವನು ನಳಿಕೆಯನ್ನು ಕೆಳಮುಖವಾಗಿ ಹಿಡಿಯುತ್ತಾನೆ. ದ್ರಾಕ್ಷಿಯ ಆಳು ಚಪ್ಪರದ ಅಡಿಯಲ್ಲಿ ನಿಂತು ನಳಿಕೆಯನ್ನು ಮೇಲಕ್ಕೆ ಹಿಡಿಯಬೇಕು. ಎಲೆಗೆ ತಾಗಿದ ಹನಿಯು ತಿರುಗಿ ಅವನ ನೆತ್ತಿ, ಹಣೆ, ಕಿವಿ, ಕುತ್ತಿಗೆಗಳ ಮೇಲೆಯೇ ಬೀಳುತ್ತದೆ. ಮೂಗಿಗೆ ಒಂದು ವಸ್ತ್ರವನ್ನು ಕಟ್ಟಿಕೊಂಡರೆ ಸಾಕೆಂದು ಆತನೂ, ಅವನನ್ನು ಕೆಲಸಕ್ಕಿಟ್ಟ ಯಜಮಾನರೂ ಭಾವಿಸುವುದುಂಟು. ಇದು ತಪ್ಪು ಭಾವನೆ. ಸಿಂಪರಣೆಯ ಕೆಲಸದಲ್ಲಿ ದೇಹವನ್ನು ಸೇರುವ ವಿಷದ ಬಹುಪಾಲು ಉಸಿರಿನ ಮೂಲಕವಲ್ಲ, ಚರ್ಮದ ಮೂಲಕವೇ ಸೇರುತ್ತದೆ. ಚರ್ಮವು ನೀರನ್ನು ತಡೆಯುವಂತೆ ಎಣ್ಣೆಯಲ್ಲಿ ಕರಗುವ ಪದಾರ್ಥವನ್ನು ತಡೆಯಲಾರದು. ಅನೇಕ ಕ್ರಿಮಿನಾಶಕಗಳು ಅಂತಹವೇ. ಅವುಗಳನ್ನು ಕರಗಿಸಿಡಲು ಡಬ್ಬದಲ್ಲಿ ಬೆರೆಸಿರುವ ದ್ರಾವಕಗಳು ಚರ್ಮದೊಳಗಿನ ದಾರಿಯನ್ನು ಇನ್ನಷ್ಟು ಸುಗಮಗೊಳಿಸುತ್ತವೆ.

ಮೈಯ ಎಲ್ಲ ಭಾಗಗಳ ಚರ್ಮವೂ ಒಂದೇ ಸಮನಲ್ಲ. 1971ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತ್ಯದ ವಿದ್ವಾಂಸರು ಪ್ಯಾರಾಥಿಯಾನ್ ಎಂಬ ರಂಜಕಯುಕ್ತ ಕ್ರಿಮಿನಾಶಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಮನುಷ್ಯರ ಮೈಯ ಬೇರೆಬೇರೆ ಭಾಗಗಳಿಗೆ ಹಚ್ಚಿ ಪರೀಕ್ಷಿಸಿದರು. ಮೊಳಕೈಯಿಂದ ಕೆಳಗಿನ ತೋಳಿನ ಮೂಲಕ ಒಳಸೇರಿದ್ದನ್ನು ಒಂದು ಪಾಲೆಂದು ಎಣಿಸಿದರೆ, ಅಂಗೈಯಿಂದ ಅದಕ್ಕಿಂತ ಸ್ವಲ್ಪ ಹೆಚ್ಚು, ಹೊಟ್ಟೆಯಿಂದ ಎರಡು ಪಾಲು, ನೆತ್ತಿ ಹಣೆಗಳಿಂದ ಸುಮಾರು ನಾಲ್ಕು, ಕಿವಿಯ ರಂಧ್ರದಿಂದ ಐದು, ಕಂಕುಳಿಂದ ಏಳು ಪಾಲಿನಷ್ಟು ಸೇರಿತು. ತೊಡೆಸಂದಿಯ ಬೀಜದ ಚೀಲದ ಮೂಲಕ ಸೇರಿದ್ದು ಸುಮಾರು ಹನ್ನೆರಡು ಪಾಲು. ಎಂದರೆ ಹಚ್ಚಿದ್ದೆಲ್ಲವೂ ಒಳಗೆ ಹೋಯಿತೆಂದೇ ಹೇಳಬಹುದು. ಚಪ್ಪರದಡಿಯ ಆಳಿನ ತಲೆಯ ಮೇಲೆ ಬೀಳುವ ಹನಿಗಳನ್ನು ಈ ಲೆಕ್ಕದೊಂದಿಗೆ ಹೋಲಿಸಿ ನೋಡಬೇಕು. ಬೆನ್ನಿಗೆ ಕಟ್ಟುವ ಪಂಪಿನ ಮುಚ್ಚಳವೋ ಕೊಳವೆಯ ತಿರುಪೋ ಸಡಿಲವಾಗಿದ್ದರೆ ಔಷಧವು ಬೆನ್ನಿನ ಮೇಲಿಂದ ಸೊಂಟಕ್ಕೂ ಅಲ್ಲಿಂದ ಚಡ್ಡಿಯೊಳಕ್ಕೂ ಇಳಿಯುತ್ತದೆ. ಹತ್ತು ರೂಪಾಯಿಯ ಒಂದು ರಬ್ಬರು ಬಿಲ್ಲೆಯನ್ನು ಹಾಕಿಸದ ಉದಾಸೀನದಿಂದ ವಿಷವು ದೇಹದ ಅತ್ಯಂತ ತೆರೆದ ಬಾಗಿಲನ್ನೇ ತಲುಪುತ್ತದೆ.

ಈ ಉದಾಸೀನಕ್ಕೆ ಒಂದು ಚರಿತ್ರೆಯುಂಟು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಆ ದ್ರಾವಣವು ಕಣ್ಣಿಗೆ ಬಿದ್ದರೆ ಉರಿ, ಚರ್ಮಕ್ಕೆ ತಾಗಿದರೆ ಒರಟು. ಆದರೆ ಮೈಮೇಲೆ ಬಿದ್ದ ಮಾತ್ರಕ್ಕೆ ಆಳು ನೆಲಕ್ಕುರುಳುವಂತಹ ಪದಾರ್ಥವಲ್ಲ. ಬರಿಗೈಯಲ್ಲಿ ಕಲಸುವುದು, ಬರಿಮೈಯಲ್ಲಿ ಹೊಡೆಯುವುದು ಆ ಕಾಲದಲ್ಲಿ ಬಂದ ಅಭ್ಯಾಸ. ಮುಂದೆ ಬಂದ ರಂಜಕಯುಕ್ತ ಔಷಧಗಳು ಬೇರೊಂದು ಕುಲದವು. ಅಭ್ಯಾಸ ಮಾತ್ರ ಹಳೆಯದೇ ಉಳಿಯಿತು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಸೋರಿ ಬೆರೆತ ಆಹಾರಧಾನ್ಯದಿಂದ ನೂರಕ್ಕೂ ಹೆಚ್ಚು ಜನರು ಸತ್ತ ಬಳಿಕವೇ ವಿಚಾರಣೆ ನಡೆದು, 1968ರ ಕೀಟನಾಶಕಗಳ ಕಾನೂನು ಬಂದದ್ದು. ಅಷ್ಟಾದರೂ 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ, ಆಳೆತ್ತರ ಬೆಳೆದ ಹತ್ತಿಗೆ ಔಷಧ ಹೊಡೆದ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಮುಖದ ಮಟ್ಟಕ್ಕೆ ಬೆಳೆದ ಹತ್ತಿಗೂ ತಲೆಯ ಮೇಲಿನ ಚಪ್ಪರಕ್ಕೂ ಈ ವಿಷಯದಲ್ಲಿ ಹೆಚ್ಚು ಅಂತರವಿಲ್ಲ.

ಡಬ್ಬದ ಮೇಲಿನ ಚೌಕದ ಬಣ್ಣವನ್ನು ಮೊದಲು ನೋಡತಕ್ಕದ್ದು. ಕೆಂಪು ಅತ್ಯುಗ್ರ ವಿಷ. ಹಳದಿ, ನೀಲಿ, ಹಸಿರು ಅನುಕ್ರಮವಾಗಿ ಕಡಮೆಯವು. ಹಸಿರು ಎಂದರೆ ನಿರಪಾಯವೆಂದಲ್ಲ. ಅದೇ ರೋಗಕ್ಕೆ ಹಸಿರು ಗುರುತಿನ ಔಷಧ ದೊರೆಯುವಾಗ ಕೆಂಪನ್ನು ಕೊಂಡುತರುವುದು ಅವಿವೇಕ.

ಇಡೀ ದಿನದ ಕೆಲಸದಲ್ಲಿ ಅತ್ಯಂತ ಅಪಾಯದ ಗಳಿಗೆಯು ಡಬ್ಬವನ್ನು ತೆರೆದು ಔಷಧವನ್ನು ಅಳೆದು ನೀರಿಗೆ ಬೆರೆಸುವ ಐದು ನಿಮಿಷಗಳು. ತೋಟಕ್ಕೆ ಹೊಡೆಯುವುದು ನೂರಾರು ಪಾಲು ನೀರು ಬೆರೆತ ದ್ರಾವಣ. ಆ ಗಳಿಗೆಯಲ್ಲಿ ಕೈಗೆ ತಾಗುವುದು ಅಪ್ಪಟ ವಿಷ. ಬಾಟಲಿಯ ಮುಚ್ಚಳವನ್ನು ಅಳತೆಯಾಗಿ ಮಾಡಿಕೊಂಡು ಬೆರಳಿನ ಮೇಲೆ ಸುರಿದುಕೊಳ್ಳುವುದು, ಕೈಯದ್ದಿ ಕಲಸುವುದು ಸರ್ವಥಾ ಕೂಡದು. ಅಳತೆಯ ಪಾತ್ರೆಯನ್ನೂ ಉದ್ದನೆಯ ಕೋಲನ್ನೂ ಇದಕ್ಕೆಂದೇ ಇಟ್ಟುಕೊಳ್ಳಬೇಕು. ಕೈಗವಸು ನೈಟ್ರೈಲ್ ಅಥವಾ ದಪ್ಪ ರಬ್ಬರಿನದಾಗಿರಬೇಕು. ಬಟ್ಟೆಯ ಕೈಗವಸು ಔಷಧವನ್ನು ಹೀರಿಕೊಂಡು ದಿನವಿಡೀ ಚರ್ಮಕ್ಕೆ ಒತ್ತಿ ಹಿಡಿಯುವುದರಿಂದ ಬರಿಗೈಗಿಂತಲೂ ಕೆಟ್ಟದ್ದು.

ಉಡುಪಿನ ವಿಷಯದಲ್ಲಿ ಬೆಲೆಯ ಮಾತು ಬರುವುದು ಸಹಜ. ಅಂಗಡಿಯ ಪೂರ್ಣ ಉಡುಪು ನಮ್ಮ ಬಿಸಿಲಿಗೆ ಒಗ್ಗದೆಂಬ ಆಕ್ಷೇಪಣೆಯೂ ನಿಜವೇ. ಹೀಗಿದ್ದರೂ ತುಂಬುತೋಳಿನ ದಪ್ಪ ಹತ್ತಿಯ ಅಂಗಿ, ಕಾಲು ಮುಚ್ಚುವ ಷರಾಯಿ, ರಬ್ಬರು ಬೂಟು, ಅಂಚುಳ್ಳ ಟೋಪಿ, ಕಣ್ಣಿಗೆ ಕನ್ನಡಕ ಇಷ್ಟನ್ನು ಯಾವ ಜಮೀನುದಾರನೂ ಒದಗಿಸಬಲ್ಲನು. ಷರಾಯಿಯ ಅಂಚು ಬೂಟಿನ ಹೊರಗಿರಬೇಕು. ಒಳಗಿದ್ದರೆ ಹರಿದಿಳಿದ ಔಷಧ ಬೂಟಿನಲ್ಲಿ ನಿಂತು ಪಾದವನ್ನು ನೆನೆಸುತ್ತದೆ. ಚಪ್ಪರದಲ್ಲಿ ಕೈ ಮೇಲೆತ್ತಿ ಹೊಡೆಯುವವನ ಕೈಗವಸಿನ ತುದಿಯನ್ನು ಹೊರಕ್ಕೆ ಮಡಿಚಬೇಕು, ಇಲ್ಲವಾದರೆ ಹನಿಯು ತೋಳಿನಗುಂಟ ಕಂಕುಳಿಗೆ ಇಳಿಯುವುದು. ಬೆನ್ನಿಗೂ ಹೊಟ್ಟೆಗೂ ಒಂದೊಂದು ಪ್ಲಾಸ್ಟಿಕ್ಕಿನ ಹಾಳೆ ಕಟ್ಟಿದರೆ ಪಂಪಿನ ಸೋರಿಕೆಗೆ ತಡೆಯಾಗುತ್ತದೆ. ಮೈಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ರಕ್ಷಣೆ ದೊರೆಯುವುದೆಂಬ ನಂಬಿಕೆ ಯಾರಿಗಾದರೂ ಇದ್ದರೆ ಬಿಡತಕ್ಕದ್ದು. ಔಷಧವು ಎಣ್ಣೆಯಲ್ಲೇ ಕರಗುವುದು. ಬೆಳಗಿನ ತಂಪಿನಲ್ಲಿ ಗಾಳಿಗೆ ಬೆನ್ನುಮಾಡಿ ಕೆಲಸ ಮುಗಿಸಿದರೆ ಉಡುಪಿನ ಸೆಕೆಯೂ ಸಹ್ಯವಾಗುತ್ತದೆ. ನಳಿಕೆ ಕಟ್ಟಿಕೊಂಡರೆ ಬಾಯಿಂದ ಊದದೆ ನೀರು ಮತ್ತು ಮೃದುವಾದ ಕಡ್ಡಿಯಿಂದ ತೆಗೆಯಬೇಕು.

ಬಿಳಿ ದ್ರಾಕ್ಷಿಯ ಜಾತಿಗಳಲ್ಲಿ ಬಳ್ಳಿ ಸವರಿದ ಮೇಲೆ ಕಣ್ಣೊಡೆಯಲು ಹಚ್ಚುವ ಹೈಡ್ರೋಜನ್ ಸಯನಮೈಡಿನ ವಿಷಯದಲ್ಲಿ ಪ್ರತ್ಯೇಕ ಎಚ್ಚರಿಕೆ ಅಗತ್ಯ. ಇದನ್ನು ಬಟ್ಟೆಯಲ್ಲಿ ಅದ್ದಿ ಕೈಯಿಂದಲೇ ಹಚ್ಚುವುದರಿಂದ ಬೆರಳುಗಳು ಸುಟ್ಟು ಹುಣ್ಣಾಗುತ್ತವೆ. ಅದಲ್ಲದೆ, ಈ ಕೆಲಸದ ಹಿಂದುಮುಂದಿನ ದಿನಗಳಲ್ಲಿ ಮದ್ಯ ಕುಡಿದವನಿಗೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ಉಸಿರು ಕಟ್ಟುವ ಅಪಾಯವುಂಟು. ದಣಿವಾರಿಸಿಕೊಳ್ಳಲೆಂದು ಸಂಜೆ ಆಳುಗಳಿಗೆ ಕುಡಿಯಲು ಹಣ ಕೊಡುವ ಯಜಮಾನರು ಇದನ್ನು ಮುಖ್ಯವಾಗಿ ನೆನಪಿನಲ್ಲಿಡಬೇಕು.

ಕೆಲಸ ಮುಗಿದ ಕೂಡಲೆ ಕೈಗವಸನ್ನು ಕೈಯಲ್ಲಿರುವಾಗಲೇ ಸಾಬೂನಿನಿಂದ ತೊಳೆದು, ಆಮೇಲೆ ಕಳಚಿ, ಸ್ನಾನ ಮಾಡಬೇಕು. ತೊಳೆಯುವ ಮೊದಲು ಬೀಡಿಯನ್ನಾಗಲಿ ಎಲೆಯಡಿಕೆಯನ್ನಾಗಲಿ ಮುಟ್ಟಬಾರದು. ಆ ಬಟ್ಟೆಯನ್ನು ಮನೆಯ ಬಟ್ಟೆಗಳೊಂದಿಗೆ ಬೆರೆಸಬಾರದು. ಹೆಂಡತಿಯೋ ಮಗಳೋ ಬರಿಗೈಯಲ್ಲಿ ಅದನ್ನು ಒಗೆದರೆ, ಪಂಪನ್ನು ಮುಟ್ಟದವರೂ ವಿಷದಲ್ಲಿ ಪಾಲುಗಾರರಾಗುತ್ತಾರೆ.

ರಂಜಕಯುಕ್ತ ಔಷಧಗಳು ನರಗಳ ಕೆಲಸಕ್ಕೆ ಬೇಕಾದ ಒಂದು ಪದಾರ್ಥವನ್ನು ಹಾಳುಗೆಡಹುತ್ತವೆ. ಅದು ಮೊದಲಿನಂತಾಗಲು ವಾರಗಳೇ ಬೇಕು. ಆದುದರಿಂದ ದಿನದಿನವೂ ಒಬ್ಬನಿಂದಲೇ ಹೊಡೆಸುವುದು ಅಪಾಯಕರ. ತಲೆನೋವು, ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು, ಮಾಂಸಖಂಡಗಳು ಅದುರುವುದು ಇದರ ಲಕ್ಷಣಗಳು. ಮನೆಗೆ ಹೋದ ಎಷ್ಟೋ ಹೊತ್ತಿನ ನಂತರವೂ ಕಾಣಿಸಿಕೊಳ್ಳಬಹುದು. ಬಿಸಿಲು ಬಡಿಯಿತೆಂದು ಮಜ್ಜಿಗೆ ಕೊಟ್ಟು ಮಲಗಿಸುವುದು ಪ್ರಾಣಕ್ಕೇ ಮುಳುವಾದೀತು. ಬಟ್ಟೆಗಳನ್ನೆಲ್ಲ ತೆಗೆದು, ಕೂದಲು ಉಗುರುಸಂದಿಗಳು ಸಹಿತ ಸಾಬೂನು ಮತ್ತು ಧಾರಾಳವಾದ ನೀರಿನಿಂದ ತೊಳೆಯಬೇಕು. ತೊಳೆಯುವವರೂ ಕೈಗವಸು ಹಾಕಿಕೊಳ್ಳಬೇಕು. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ನೀರು ಹರಿಸಬೇಕು. 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸುವಾಗ ಡಬ್ಬವನ್ನೂ ಅದರ ಚೀಟಿಯನ್ನೂ ಜೊತೆಯಲ್ಲಿ ಒಯ್ಯತಕ್ಕದ್ದು. ಅಟ್ರೋಪಿನ್ ಕೊಡಬೇಕೇ ಬೇರೆ ಚಿಕಿತ್ಸೆಯೇ ಎಂಬುದನ್ನು ವೈದ್ಯರು ಅದನ್ನು ನೋಡಿ ಬೇಗನೆ ನಿರ್ಧರಿಸಬಲ್ಲರು. ಕಳೆನಾಶಕವಾದ ಪ್ಯಾರಾಕ್ವಾಟಿಗೆ ಪ್ರತಿವಿಷವೇ ಇಲ್ಲ. ಮೈಮೇಲೆ ಗಾಯವಿದ್ದವನಿಗೆ ಅದನ್ನು ಹೊಡೆಯುವ ಕೆಲಸ ವಹಿಸಲೇಬಾರದು.

ಔಷಧವನ್ನು ಆರಿಸುವವರು ಜಮೀನುದಾರರು, ನೆನೆಯುವವನು ಕೂಲಿಯಾಳು. 1971ರ ಕೀಟನಾಶಕ ನಿಯಮಗಳು ಸಿಂಪಡಿಸುವವನಿಗೆ ತಕ್ಕ ಉಡುಪಿನ ರಕ್ಷಣೆ ಇರತಕ್ಕದ್ದೆಂದು ವಿಧಿಸಿವೆ. ಗ್ರಾಮದ ಮುಖಂಡರು ಪಂಚಾಯತಿಯ ಅಥವಾ ಹಾಲಿನ ಸಂಘದ ಕಟ್ಟಡದಲ್ಲಿ ನಾಲ್ಕೈದು ಜೊತೆ ಬೂಟು, ಕೈಗವಸು, ಕನ್ನಡಕಗಳನ್ನು ಇಡಿಸಿ, ಬೇಕಾದವರಿಗೆ ದಿನದ ಮಟ್ಟಿಗೆ ಕೊಟ್ಟು, ತೊಳೆದು ಹಿಂದಕ್ಕೆ ಪಡೆಯುವ ಏರ್ಪಾಡು ಮಾಡಿದರೆ ಸಣ್ಣ ಹಿಡುವಳಿದಾರರಿಗೂ ಅನುಕೂಲವಾದೀತು. ಸಿಂಪಡಿಸಿದ ತೋಟದ ಬಾಗಿಲಿಗೆ ಒಂದು ಕೆಂಪು ಬಟ್ಟೆ ಕಟ್ಟಿ, ಚೀಟಿಯಲ್ಲಿ ಹೇಳಿದಷ್ಟು ಕಾಲ ಕಳೆಯುವವರೆಗೆ ಎಲೆ ಚಿವುಟುವ ಹೆಂಗಸರನ್ನೂ ದನಕರುಗಳನ್ನೂ ಒಳಗೆ ಬಿಡಬಾರದು. ಖಾಲಿ ಡಬ್ಬವನ್ನು ಮೂರು ಬಾರಿ ತೊಳೆದು, ಆ ನೀರನ್ನು ಪಂಪಿಗೇ ಸುರಿದು, ಡಬ್ಬಕ್ಕೆ ತೂತು ಹೊಡೆದು ಬೇರೆಯಾಗಿ ಇಡತಕ್ಕದ್ದು.