ಹೋರಾಟಗಾರರು ಯಾರು? ಬರ್ಮಾದ ಸ್ವಾತಂತ್ರ್ಯ ಗೌರವಗಳು

1948ರ ಜನವರಿ 4ರಂದು ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಬರ್ಮಾ, ಅಂದರೆ ಇಂದಿನ ಮ್ಯಾನ್ಮಾರ್, ಸ್ವಾತಂತ್ರ್ಯ ಹೋರಾಟದಲ್ಲಿ ಪಾಲ್ಗೊಂಡವರಿಗಾಗಿ ಏರ್ಪಡಿಸಿದ ಸರ್ಕಾರಿ ಗೌರವಗಳಲ್ಲಿ ಎರಡು ಮುಖ್ಯವಾದವು. ಸ್ವಾತಂತ್ರ್ಯದ ದಾಖಲೆಗೆ ಸೇರಿದವರು ಎಂಬರ್ಥದ 'ಲುಟ್‌ಲಾಟ್‌ಯೇ ಮೊಗುನ್‌ವಿನ್' ಮೂರು ದರ್ಜೆಗಳಲ್ಲಿ ಸಲ್ಲುವ ಬಿರುದು. ರಾಷ್ಟ್ರದ ಗೌರವ ಎಂಬರ್ಥದ 'ನೈಂಗಾನ್ ಗೊಂಯಿ' ಜನರಲ್ ನೇ ವಿನ್ ಅವರ ಆಡಳಿತ 1980ರಲ್ಲಿ ಹಿರಿಯ ರಾಜಕಾರಣಿಗಳಿಗೆ ಪಿಂಚಣಿಯೊಂದಿಗೆ ನೀಡತೊಡಗಿದ ಗೌರವ.

ಇಂಥ ಪದಕಗಳನ್ನು ಕೊಡುವ ಕೆಲಸ ಹೊರನೋಟಕ್ಕೆ ಸರಳವೆನಿಸಿದರೂ, ಹೋರಾಟವೆಂದರೆ ಯಾವುದು, ಅದು ಯಾವಾಗ ಆರಂಭವಾಯಿತು ಎಂಬುದನ್ನು ಮೊದಲು ನಿರ್ಧರಿಸದೆ ಅದು ಮುಂದೆ ಸಾಗದು. ಬರ್ಮಾದಲ್ಲಿ ಈ ನಿರ್ಧಾರ ವಿಶೇಷವಾಗಿ ತೊಡಕಿನದು. 1930ರ ಡಿಸೆಂಬರ್‌ನಲ್ಲಿ ತಾರಾವಡ್ಡಿ ಜಿಲ್ಲೆಯಲ್ಲಿ ತೆರಿಗೆಯ ಭಾರಕ್ಕೆ ಬೇಸತ್ತ ರೈತರನ್ನು ಕಟ್ಟಿಕೊಂಡು ದಂಗೆಯೆದ್ದ ಸಾಯಾ ಸಾನ್, ಮರುವರ್ಷ ಗಲ್ಲಿಗೇರಿದರು. ಅದೇ ಕಾಲಕ್ಕೆ ರಂಗೂನಿನ ವಿದ್ಯಾವಂತ ಯುವಕರು, ಬಿಳಿಯರನ್ನು ಕರೆಯಲು ಬಳಸುತ್ತಿದ್ದ 'ತಖಿನ್', ಅಂದರೆ ಒಡೆಯ ಎಂಬ ಪದವನ್ನು ತಮ್ಮ ಹೆಸರಿಗೇ ಸೇರಿಸಿಕೊಂಡು 'ದೊಬಮಾ' ಸಂಘಟನೆಯನ್ನು ಬೆಳೆಸುತ್ತಿದ್ದರು. 1938ರಲ್ಲಿ ಚೌಕ್ ಮತ್ತು ಯೆನಾಂಗ್‌ಯಾಂಗ್ ತೈಲಬಾವಿಗಳ ಕಾರ್ಮಿಕರು ಮುಷ್ಕರ ಹೂಡಿ ರಂಗೂನಿನತ್ತ ಕಾಲ್ನಡಿಗೆಯಲ್ಲಿ ಹೊರಟಾಗ ವಿದ್ಯಾರ್ಥಿಗಳೂ ಬೀದಿಗಿಳಿದರು. ಡಿಸೆಂಬರ್‌ನಲ್ಲಿ ಸೆಕ್ರೆಟೇರಿಯಟ್ ಕಚೇರಿಯೆದುರು ನಡೆದ ಪ್ರತಿಭಟನೆಯಲ್ಲಿ ಪೊಲೀಸರ ಲಾಠಿಯೇಟಿಗೆ ಆಂಗ್ ಚ್ಯೋ ಎಂಬ ವಿದ್ಯಾರ್ಥಿ ಬಲಿಯಾದನು. ಬರ್ಮೀ ಪಂಚಾಂಗದಲ್ಲಿ ಆ ವರ್ಷ 1300 ಆಗಿದ್ದುದರಿಂದ ಈ ಚಳವಳಿಯನ್ನು 1300ರ ಕ್ರಾಂತಿ ಎಂದು ಕರೆಯುವುದು ರೂಢಿ.

ಆದರೆ ಸೇನೆಯ ದೃಷ್ಟಿಯಲ್ಲಿ ಹೋರಾಟದ ತಿರುಳೇ ಬೇರೆ. ಆಂಗ್ ಸಾನ್ ಮೊದಲಾದ ಯುವಕರು 1941ರಲ್ಲಿ ಜಪಾನಿಯರಿಂದ ಗುಟ್ಟಾಗಿ ಸೈನಿಕ ತರಬೇತಿ ಪಡೆದು, 'ಮೂವತ್ತು ಸಂಗಾತಿಗಳು' ಎಂಬ ಹೆಸರು ಗಳಿಸಿ, ಅದೇ ವರ್ಷಾಂತ್ಯಕ್ಕೆ ಬರ್ಮಾ ಸ್ವಾತಂತ್ರ್ಯ ಸೇನೆಯನ್ನು ಸ್ಥಾಪಿಸಿದರು. 1945ರ ಮಾರ್ಚ್ 27ರಂದು ಅವರೇ ಜಪಾನಿನ ವಿರುದ್ಧ ತಿರುಗಿಬಿದ್ದರು. ಭಾರತದ ಓದುಗರಿಗೆ ಇಲ್ಲಿ ಒಂದು ವಿಚಿತ್ರ ಸನ್ನಿವೇಶ ಕಾಣುತ್ತದೆ: ಆ ಹೊತ್ತಿಗೆ ಬರ್ಮಾದ ನೆಲದಲ್ಲಿ ಆಜಾದ್ ಹಿಂದ್ ಫೌಜ್ ಜಪಾನಿಯರ ಪರವಾಗಿಯೇ ಹೋರಾಡುತ್ತಿತ್ತು, ಆ ಯೋಧರೂ ಮುಂದೆ ಭಾರತದ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಅರ್ಹರಾದರು. 1972ರಲ್ಲಿ ಜಾರಿಗೆ ಬಂದ ಭಾರತದ ಈ ಯೋಜನೆಯಲ್ಲಿ ಕನಿಷ್ಠ ಆರು ತಿಂಗಳ ಸೆರೆವಾಸವನ್ನು ಅರ್ಹತೆಯ ಮುಖ್ಯ ಅಳತೆಗೋಲಾಗಿಸಲಾಯಿತು. ಬರ್ಮಾದ ಹೋರಾಟದ ಗಣನೀಯ ಭಾಗ ಸೆರೆಮನೆಯ ಹೊರಗೆ, ಬಂದೂಕಿನೊಂದಿಗೆ ನಡೆದದ್ದರಿಂದ ಅಂಥ ಅಳತೆಗೋಲು ಅಲ್ಲಿ ಸಾಲುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಸ್ವಾತಂತ್ರ್ಯಾನಂತರದ ಅಂತರ್ಯುದ್ಧ. ಕಮ್ಯುನಿಸ್ಟರು 1948ರ ಮಾರ್ಚ್‌ನಲ್ಲೇ ಬಂಡೆದ್ದರು. ಮೂವತ್ತು ಸಂಗಾತಿಗಳಲ್ಲೇ ಬೊ ಜೇಯಾ, ಬೊ ಯಾನ್ ಆಂಗ್ ಬಂಡಾಯಗಾರರ ಸಾಲಿಗೆ ಸೇರಿದರೆ, ನೇ ವಿನ್ ಸೇನೆಯ ಮುಖ್ಯಸ್ಥರಾಗಿ ಅವರ ವಿರುದ್ಧ ಹೋರಾಡಿ, 1962ರ ಮಾರ್ಚ್ 2ರಂದು ಅಧಿಕಾರವನ್ನೇ ಕಸಿದುಕೊಂಡರು. ಪ್ರಧಾನಿ ಸ್ಥಾನ ಕಳೆದುಕೊಂಡ ಊ ನು ಅವರು ದೇಶದಾಚೆಯಿಂದ ಸಶಸ್ತ್ರ ಪ್ರತಿರೋಧ ಸಂಘಟಿಸಿ, ವಿಫಲರಾಗಿ, ಕೊನೆಗೆ ಭಾರತದ ಭೋಪಾಲದಲ್ಲಿ ಆಶ್ರಯ ಪಡೆದರು. ಹೀಗೆ ಒಂದೇ ಚಳವಳಿಯಿಂದ ಬಂದವರು ಪರಸ್ಪರ ಗುಂಡು ಹಾರಿಸಿಕೊಂಡ ನಾಡಿನಲ್ಲಿ, ಯಾರನ್ನು ಗೌರವಿಸಿದರೂ ಅದು ಯಾವುದೋ ಬಣವನ್ನು ಒಪ್ಪಿಕೊಂಡಂತೆಯೇ.

1980ರ ಮೇ 28ರಂದು ಘೋಷಿಸಿದ ಸಾಮೂಹಿಕ ಕ್ಷಮಾದಾನದ ಬೆನ್ನಿಗೇ ನೈಂಗಾನ್ ಗೊಂಯಿ ಬಂದದ್ದು ಆಕಸ್ಮಿಕವಲ್ಲ. ಕ್ಷಮಾದಾನವು ಬಂಡಾಯಗಾರರನ್ನು ಮನೆಗೆ ಕರೆತಂದರೆ, ಗೌರವವು ಹಳೆಯ ಎದುರಾಳಿಗಳನ್ನು ಸರ್ಕಾರದ ಛತ್ರದಡಿ ಕೂರಿಸುವ ಉಪಾಯವಾಗಿತ್ತು ಎಂದು ಭಾವಿಸಲು ಅವಕಾಶವಿದೆ. ಊ ನು, ಬೊಹ್ಮು ಆಂಗ್ ಮುಂತಾದವರು ಆಗ ಮರಳಿದರು. ಎಂಟು ವರ್ಷ ಕಳೆಯುವಷ್ಟರಲ್ಲಿ, 1988ರ ಪ್ರಜಾಪ್ರಭುತ್ವ ಚಳವಳಿಯ ನಡುವೆ, ಊ ನು ತಾವೇ ಕಾನೂನುಬದ್ಧ ಪ್ರಧಾನಿಯೆಂದು ಘೋಷಿಸಿಕೊಂಡು ಪರ್ಯಾಯ ಸರ್ಕಾರ ರಚಿಸಿದರು. 1989ರ ಡಿಸೆಂಬರ್‌ನಲ್ಲಿ ಸೇನಾಡಳಿತ ಅವರನ್ನು ಗೃಹಬಂಧನದಲ್ಲಿಟ್ಟಿತು.